ಗಣಕದ ಅಂಗಳದಲ್ಲಿ ಮಾರ್ಗ ಮತ್ತು ದೇಸಿ

ಆದಿತ್ಯನಗರವು ಹಳೆಯ ಊರಲ್ಲ. ಮಳಖೇಡದ ಮಗ್ಗುಲಲ್ಲಿ ಸಿಮೆಂಟ್ ಕಾರ್ಖಾನೆಯು ತಲೆಯೆತ್ತಿದಾಗ ಅದರಲ್ಲಿ ದುಡಿಯುವವರ ವಸತಿಗೆಂದು ಹುಟ್ಟಿಕೊಂಡ ನಗರವಿದು. ಇಲ್ಲಿಯ ಸಾಲುಮನೆಗಳು ಒಂದೇ ಅಚ್ಚಿನವು; ಒಂದರ ಬಾಗಿಲನ್ನು ಕಂಡವನು ಇಡೀ ಸಾಲನ್ನು ಕಂಡಂತೆಯೇ ಸರಿ. ಆದರೂ ಸಂಜೆಯ ಹೊತ್ತು ಒಂದು ಸುತ್ತು ಹಾಕಿ ಬಂದರೆ ಯಾವ ಎರಡು ಮನೆಗಳೂ ಒಂದೇ ಬಗೆಯಾಗಿ ತೋರುವುದಿಲ್ಲ. ಒಬ್ಬರು ಅಂಗಳದ ಮೂಲೆಯಲ್ಲಿ ತುಳಸಿಕಟ್ಟೆಯನ್ನು ಕಟ್ಟಿದ್ದಾರೆ. ಇನ್ನೊಬ್ಬರು ಶಹಾಬಾದಿನ ಹಾಸುಗಲ್ಲಿನ ತುಂಡೊಂದನ್ನು ತಂದು ಬಾಗಿಲ ಪಕ್ಕಕ್ಕೆ ಕೂಡ್ರುವ ಕಟ್ಟೆ ಮಾಡಿಕೊಂಡಿದ್ದಾರೆ. ತಾಂಡೂರಿನ ಕಡೆಯಿಂದ ಬಂದವರ ಹೊಸ್ತಿಲಿಗೆ ಅರಿಸಿನ ದಟ್ಟವಾಗಿದೆ. ಮತ್ತೊಬ್ಬರ ಗೋಡೆಯ ಮೇಲೆ ಹೀರೆಯ ಬಳ್ಳಿ ಹಬ್ಬಿದೆ. ಕೊಟ್ಟವರು ಒಂದೇ ಬಗೆಯಾಗಿ ಕೊಟ್ಟರು. ಪಡೆದವರು ತಮ್ಮ ತಮ್ಮ ಬಗೆಯಲ್ಲಿ ಕೂಡಿಸಿಕೊಂಡರು.

ನಾನು ಹೇಳಹೊರಟಿರುವುದು ಮನೆಗಳ ಮಾತನ್ನಲ್ಲ, ಗಣಕಯಂತ್ರದ ತೆರೆಯ ಮಾತನ್ನು. ಕನ್ನಡ ಪಾಠ ಹೇಳುವವನಿಗೆ ಗಣಕದ ಗೊಡವೆ ಏಕೆಂದು ವಾಚಕರು ಕೇಳಬಹುದು. ಆದರೆ ಇಂದು ಕನ್ನಡದ ಅಕ್ಷರವು ಕಾಗದಕ್ಕೆ ಇಳಿಯುವ ಮೊದಲು ಗಣಕದ ತೆರೆಯ ಮೇಲೆ ಮೂಡುತ್ತದೆ. ಅಲ್ಲಿ ಅದಕ್ಕೆ ಅಂಗಳ ದೊರೆತದ್ದು ಹೇಗೆ ಎಂಬುದು ಸಾಹಿತ್ಯಚರಿತ್ರೆಯ ಭಾಗವೇ ಆಗಿದೆ ಎಂದು ನನ್ನ ನಂಬಿಕೆ.

ಮೊದಲು ನನ್ನ ಮನೆಯ ಕಥೆ. ನನ್ನಲ್ಲಿ ಒಂದು ಹಳೆಯ ಗಣಕವಿದೆ. ಹಣ ಕೊಟ್ಟು ಕೊಳ್ಳುವ ಹೊಸ ವ್ಯವಸ್ಥೆಗಳ ಭಾರವನ್ನು ಅದು ತಾಳಲಾರದಾದಾಗ ನನ್ನ ವಿದ್ಯಾರ್ಥಿಯೊಬ್ಬನು ಅದರಲ್ಲಿ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ಹೂಡಿಕೊಟ್ಟನು. ಅದರ ಮೇಲೆ ಕಾಣುವ ಮುಖಕ್ಕೆ ಡೆಸ್ಕ್‌ಟಾಪ್ ಎನ್ನುತ್ತಾರೆ. ನನ್ನದರಲ್ಲಿದ್ದದ್ದು ಗ್ನೋಮ್ ಎಂಬ ಡೆಸ್ಕ್‌ಟಾಪು. ಅದು ತೀರ ಬೋಳು. ಮೇಲ್ಗಡೆ ಒಂದು ಕರಿಯ ಪಟ್ಟಿ, ಉಳಿದುದೆಲ್ಲ ಬಯಲು. ಹುಡುಗನು ಒಂದು ಸಂಜೆ ಕುಳಿತು ಅದಕ್ಕೆ ನಾಲ್ಕಾರು ಸೇರ್ಪಡೆಗಳನ್ನು ಕೂಡಿಸಿದನು. ಇವಕ್ಕೆ ಎಕ್ಸ್‌ಟೆನ್ಶನ್ ಎಂದು ಹೆಸರು. ‘ಡ್ಯಾಶ್ ಟು ಪ್ಯಾನೆಲ್’ ಎಂಬುದು ತೆರೆದ ಕೆಲಸಗಳನ್ನೆಲ್ಲ ಕೆಳಗಿನ ಪಟ್ಟಿಯಲ್ಲಿ ಸಾಲಾಗಿ ನಿಲ್ಲಿಸಿತು. ‘ಕ್ಲಿಪ್‌ಬೋರ್ಡ್ ಇಂಡಿಕೇಟರ್’ ಎಂಬುದು ನಾನು ನಕಲು ಮಾಡಿದ ಹಿಂದಿನ ಹತ್ತು ಹಲವು ತುಣುಕುಗಳನ್ನು ನೆನಪಿಟ್ಟುಕೊಂಡಿತು; ಒಂದೇ ವಚನದ ನಾಲ್ಕು ಪಾಠಾಂತರಗಳನ್ನು ಎದುರುಬದುರು ಇಟ್ಟು ನೋಡುವವನಿಗೆ ಇದರ ಬೆಲೆ ತಿಳಿಯುತ್ತದೆ. ‘ಕೆಫೀನ್’ ಎಂಬ ಮೂರನೆಯದು ಒಂದು ಪುಟ್ಟ ಬಟ್ಟಲಿನ ಚಿತ್ರ. ಅದನ್ನು ಒತ್ತಿದರೆ ತೆರೆಯು ನಿದ್ರೆಹೋಗುವುದಿಲ್ಲ. ಓಲೆಗರಿಯ ಛಾಯಾಚಿತ್ರದ ಒಂದು ಸಾಲನ್ನು ಅರ್ಧ ಗಂಟೆ ದಿಟ್ಟಿಸುವ ನನ್ನಂಥವರಿಗೆ, ನಡುವೆ ತೆರೆ ಕಪ್ಪಾಗುವುದಕ್ಕಿಂತ ದೊಡ್ಡ ಕಿರುಕುಳವಿಲ್ಲ.

ಹೀಗೆ ಬಾಳು ಸುಖವಾಗಿ ಸಾಗಿದ್ದಿತು. 2024ರಲ್ಲಿ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸಿದೆ. ವಾರ್ಷಿಕ ಸಂಚಿಕೆಯ ಕರಡನ್ನು ಮರುದಿನ ಮುದ್ರಣಕ್ಕೆ ಕೊಡಬೇಕಾಗಿತ್ತು. ತೆರೆ ಬೆಳಗಿದಾಗ ಮತ್ತೆ ಅದೇ ಬಯಲು! ಪಟ್ಟಿಯಿಲ್ಲ, ಬಟ್ಟಲಿಲ್ಲ, ನೆನಪಿಟ್ಟ ತುಣುಕುಗಳಿಲ್ಲ. ಹುಡುಗನಿಗೆ ಫೋನು ಮಾಡಿದೆ. “ಸರ್, ಹೊಸಾದು ಬಂತಂದ್ರ ಹಳೇ ಎಕ್ಸ್‌ಟೆನ್ಶನ್ ನಡ್ಯಂಗಿಲ್ಲರಿ. ಬರ್ದವ್ರು ತಿದ್ದೋತನಕ ಕಾಯಬೇಕರಿ” ಎಂದನು. ಅಂದು ನನ್ನನ್ನು ಕಾಪಾಡಿದ್ದು ಒಂದೇ ಒಂದು ಸಂಗತಿ: ಕನ್ನಡದ ಕೀಲಿಮಣೆ ಎಲ್ಲಿದ್ದಿತೋ ಅಲ್ಲಿಯೇ ಇದ್ದಿತು. ಪಟ್ಟಿ ಅಳಿದು ಕೀಲಿಮಣೆ ಉಳಿದದ್ದು ಏಕೆ? ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ಕಂಡ ಚರಿತ್ರೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಂತ್ರದ ಒಳಗುಟ್ಟನ್ನು ಎಲ್ಲರಿಗೂ ತೆರೆದಿಟ್ಟ ತಂತ್ರಾಂಶವನ್ನು ಕಟ್ಟಬೇಕೆಂಬ ಸಂಕಲ್ಪವನ್ನು ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು 1983ರಲ್ಲಿ ಸಾರಿದರು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅವರು 1991ರಲ್ಲಿ ಅದಕ್ಕೆ ಬೇಕಾಗಿದ್ದ ಹೃದಯಭಾಗವನ್ನು ಬರೆದರು. ಹೃದಯವೇನೋ ಬಂದಿತು, ಮುಖ ಬೇಕಲ್ಲ? ಆ ದಿನಗಳಲ್ಲಿ ಬಳಸುವವನೇ ಕಡತವೊಂದರಲ್ಲಿ ಸಾಲು ಸಾಲು ಆಜ್ಞೆಗಳನ್ನು ಬರೆದು ಕಿಟಕಿಯ ಅಂಚು, ಬಣ್ಣ, ಗುಂಡಿ ಎಲ್ಲವನ್ನೂ ತಾನೇ ಹೊಂದಿಸಿಕೊಳ್ಳಬೇಕಾಗಿದ್ದಿತು. 1996ರಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಶ್ ಅವರು ಎಲ್ಲ ಸಲಕರಣೆಗಳಿಗೂ ಒಂದೇ ಚಹರೆಯಿರಲೆಂದು ಕೆಡಿಇ ಎಂಬ ಯೋಜನೆಯನ್ನು ಹೂಡಿದರು. ಅದು ಆಧರಿಸಿದ್ದ ಕ್ಯೂಟಿ ಎಂಬ ಸಾಮಗ್ರಿಯ ಪರವಾನಗಿಯು ಆಗ ಪೂರ್ತಿ ಸ್ವತಂತ್ರವಾಗಿರಲಿಲ್ಲವೆಂದು ಮುನಿದ ಮೆಕ್ಸಿಕೊದ ಇಬ್ಬರು ತರುಣರು, ಮಿಗೆಲ್ ದೆ ಇಕಾಸಾ ಮತ್ತು ಫೆದೆರಿಕೊ ಮೆನಾ, 1997ರಲ್ಲಿ ಗ್ನೋಮನ್ನು ಆರಂಭಿಸಿದರು. ಹೀಗೆ ಒಂದು ಮನೆಯ ಬದಲು ಎರಡಾದವು. ಇಂದಿಗೂ ಎರಡೂ ಬಾಳುತ್ತಿವೆ.

ಗ್ನೋಮಿನ ಎರಡನೆಯ ಕಾಲವು 2002ರಿಂದ ಸುಮಾರು ಒಂಬತ್ತು ವರ್ಷ ನಡೆಯಿತು. ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ; ಅದರಲ್ಲಿ ಬೇಕಾದವರು ಬೇಕಾದ ಚಿಕ್ಕ ಚಿಕ್ಕ ಆಪ್ಲೆಟ್‌ಗಳನ್ನು ಸಿಕ್ಕಿಸಿಕೊಳ್ಳಬಹುದಾಗಿತ್ತು. ಅಂಗಡಿಯ ಮುಂದೆ ತೂಗುಹಾಕಿದ ಸಾಮಾನಿನಂತೆ ಎಲ್ಲವೂ ಕಣ್ಣೆದುರಿಗೆ. ಜನರಿಗೆ ಅದು ರೂಢಿಯಾಗಿ ಹೋಗಿದ್ದಿತು. 2011ರ ಏಪ್ರಿಲಿನಲ್ಲಿ ಮೂರನೆಯ ಗ್ನೋಮ್ ಬಂದಾಗ ಈ ಎಲ್ಲವೂ ಒಮ್ಮೆಲೇ ಮಾಯವಾಯಿತು. ಕೆಳಗಿನ ಪಟ್ಟಿ ಹೋಯಿತು, ಆಪ್ಲೆಟ್‌ಗಳು ಹೋದವು, ಕಿಟಕಿಯನ್ನು ಕೆಳಗಿಳಿಸುವ ಗುಂಡಿಯೂ ಹೋಯಿತು. ಗಮನವು ಚದರದೆ ಕೆಲಸ ನಡೆಯಲಿ ಎಂಬುದು ರೂಪಿಸಿದವರ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಬಾಡಿಗೆದಾರನು ಊರಿಗೆ ಹೋಗಿದ್ದಾಗ ಮನೆಯ ಒಡೆಯನು ತುಳಸಿಕಟ್ಟೆಯನ್ನು ಕಿತ್ತು ಅಂಗಳವನ್ನು ‘ಸ್ವಚ್ಛ’ ಮಾಡಿಟ್ಟರೆ ಹೇಗಾದೀತು?

ಕೂಗು ಎದ್ದಿತು. ಸ್ವತಃ ಟೊರ್ವಾಲ್ಡ್ಸ್ ಅವರೇ ಬಹಿರಂಗವಾಗಿ ಬೈದು ಎಕ್ಸ್‌ಎಫ್‌ಸಿಇ ಎಂಬ ಬೇರೊಂದು ಡೆಸ್ಕ್‌ಟಾಪಿಗೆ ಹೊರಟುಹೋದರು. ಕೆಲವರು ಹಳೆಯ ಗ್ನೋಮಿನ ಪ್ರತಿಯನ್ನೇ ಎತ್ತಿಕೊಂಡು ‘ಮಾಟೆ’ ಎಂಬ ಹೆಸರಿನಲ್ಲಿ ಸಾಕತೊಡಗಿದರು. ಅದು ದಕ್ಷಿಣ ಅಮೆರಿಕದ ಜನ ಕುಡಿಯುವ ಒಂದು ಬಗೆಯ ಎಲೆಚಹದ ಹೆಸರು. ಲಿನಕ್ಸ್ ಮಿಂಟಿನವರು ‘ಸಿನಮನ್’ ಕಟ್ಟಿದರು. ದಾಯಾದಿಗಳು ಪಾಲು ತೆಗೆದುಕೊಂಡು ಬೇರೆಯಾದಂತೆ ಇದು.

ಆದರೆ ಮೂರನೆಯ ಗ್ನೋಮಿನಲ್ಲಿ ಒಂದು ಕಿಂಡಿ ಉಳಿದಿದ್ದಿತು. ಅದರ ಮೇಲ್ಮೈಯನ್ನು ಜಾವಾಸ್ಕ್ರಿಪ್ಟ್ ಎಂಬ ಸುಲಭ ಭಾಷೆಯಲ್ಲಿ ಬರೆದಿದ್ದರು. ಹೊರಗಿನವರು ಬರೆದ ತುಣುಕೂ ಅದರೊಳಗೆ ಹೊಕ್ಕು ಅದರ ನಡತೆಯನ್ನು ಬದಲಿಸಬಹುದಾಗಿತ್ತು. ಆ ವರ್ಷದ ಕೊನೆಗೆ ಇಂಥ ತುಣುಕುಗಳನ್ನೆಲ್ಲ ಒಂದೆಡೆ ಕಲೆಹಾಕಿ ಹಂಚುವ ಸಂತೆಯೊಂದನ್ನು ಗ್ನೋಮಿನವರೇ ತೆರೆದರು. ಕಿತ್ತುಹಾಕಿದ್ದನ್ನೆಲ್ಲ ಜನರು ಒಂದೊಂದಾಗಿ ತಂದು ಮತ್ತೆ ನೆಟ್ಟರು. ಟೊರ್ವಾಲ್ಡ್ಸ್ ಅವರೂ ಕೆಲವು ಎಕ್ಸ್‌ಟೆನ್ಶನ್‌ಗಳನ್ನು ಕೂಡಿಸಿಕೊಂಡ ಮೇಲೆ ಇದು ಬಳಸಲು ಅಡ್ಡಿಯಿಲ್ಲವೆಂದು ಹಿಂದಿರುಗಿದರು. 2017ರಲ್ಲಿ ಉಬುಂಟು ತನ್ನ ಸ್ವಂತದ ಯೂನಿಟಿ ಎಂಬ ಮುಖವನ್ನು ಬಿಟ್ಟು ಗ್ನೋಮಿಗೆ ಮರಳಿದಾಗ, ‘ಡ್ಯಾಶ್ ಟು ಡಾಕ್’ ಎಂಬ ಎಕ್ಸ್‌ಟೆನ್ಶನ್ನಿನ ಒಂದು ರೂಪವನ್ನೇ ಎಡಗಡೆಯ ಪಟ್ಟಿಯಾಗಿ ಎಲ್ಲರಿಗೂ ಕೊಟ್ಟಿತು. ಹವ್ಯಾಸಿಯೊಬ್ಬನ ಸೇರ್ಪಡೆ ಅರಮನೆಯ ಬಾಗಿಲಾಯಿತು!

ನಮ್ಮ ಮಳಖೇಡದ ನೆಲದಲ್ಲಿ ನಿಂತು ಇದನ್ನು ಓದುವಾಗ ಹಳೆಯ ಎರಡು ಮಾತುಗಳು ನೆನಪಾಗದೆ ಇರವು. ಮಾರ್ಗ ಮತ್ತು ದೇಸಿ. ಈ ಕಾಗಿಣಾ ದಂಡೆಯ ಮಾನ್ಯಖೇಟವೇ ಅಮೋಘವರ್ಷ ನೃಪತುಂಗನ ರಾಜಧಾನಿ. ಅವನ ಆಸ್ಥಾನದ ಶ್ರೀವಿಜಯನ ‘ಕವಿರಾಜಮಾರ್ಗ’ವು ಕನ್ನಡಕ್ಕೆ ಮಾರ್ಗವನ್ನು ಹಾಕಿಕೊಟ್ಟಿತಾದರೂ, ಕನ್ನಡವು ನಾಡಿನಿಂದ ನಾಡಿಗೆ ಬೇರೆಯಾಗುತ್ತದೆಂಬುದನ್ನು ಮರೆಯಲಿಲ್ಲ. ಅದೇ ಅರಸನನ್ನು ಸ್ತುತಿಸಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಬರೆದನು, ಕಾವ್ಯವೂ ಎಣಿಕೆಯೂ ಒಂದೇ ಅರಸನ ನೆರಳಿನಲ್ಲಿದ್ದ ಕಾಲ. ಮುಂದಿನ ಶತಮಾನದಲ್ಲಿ, ರಾಷ್ಟ್ರಕೂಟರ ಸಾಮಂತನಾದ ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪನು, ಕಾವ್ಯವು ದೇಸಿಯನ್ನು ಹೊಗಬೇಕು, ಮಾರ್ಗದಲ್ಲಿಯೂ ಸಲ್ಲಬೇಕು ಎಂಬ ಆಶಯವನ್ನು ಮುಂದಿಟ್ಟನು. ಗ್ನೋಮಿನ ಬೋಳು ತೆರೆ ಒಂದು ಮಾರ್ಗ. ಜನರು ನೆಟ್ಟ ಎಕ್ಸ್‌ಟೆನ್ಶನ್‌ಗಳು ದೇಸಿ. ಹೋಲಿಕೆಯನ್ನು ಬಹಳ ಎಳೆಯಬಾರದು, ನಿಜ. ಆದರೂ ಪಂಪನ ಆಶಯದಲ್ಲಿದ್ದ ಎರಡನೆಯ ಅರ್ಧ ಇಲ್ಲಿ ಮುಖ್ಯವಾಗಿದೆ. ದೇಸಿಯು ಮಾರ್ಗದಲ್ಲಿ ಸಲ್ಲದೆ ಹೋದರೆ ಏನಾಗುತ್ತದೆಂಬುದಕ್ಕೆ ನನ್ನ ಕೆಳಗಿನ ಪಟ್ಟಿಯೇ ಸಾಕ್ಷಿ. ಎಕ್ಸ್‌ಟೆನ್ಶನ್‌ಗಳು ಗ್ನೋಮಿನ ಒಳಭಾಗವನ್ನೇ ನೇರವಾಗಿ ಹಿಡಿದುಕೊಂಡಿರುತ್ತವೆ. ಆರು ತಿಂಗಳಿಗೊಮ್ಮೆ ಒಳಭಾಗ ಬದಲಾದಾಗ ಹಿಡಿತ ತಪ್ಪುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬಂದ 45ನೆಯ ಗ್ನೋಮ್ ತುಣುಕುಗಳನ್ನು ಒಳಕ್ಕೆ ಕರೆದುಕೊಳ್ಳುವ ವಿಧಾನವನ್ನೇ ಬದಲಿಸಿದ್ದರಿಂದ ಅಂದಿನವರೆಗಿನ ಎಲ್ಲ ಎಕ್ಸ್‌ಟೆನ್ಶನ್‌ಗಳನ್ನೂ ತಿದ್ದಿ ಬರೆಯಬೇಕಾಯಿತು. ಬರೆದವರು ಬಹುಮಟ್ಟಿಗೆ ಸಂಬಳವಿಲ್ಲದ ಹವ್ಯಾಸಿಗಳು. ಯಾರಿಗೆ ಬಿಡುವಾಯಿತೋ ಅವರದು ಉಳಿಯಿತು. ಅಂಥವರನ್ನು ಬೈಯುವ ಹಕ್ಕು ನಮಗಿಲ್ಲ. ಆದರೂ ಮುದ್ರಣದ ಹಿಂದಿನ ರಾತ್ರಿ ಈ ವಿವೇಕ ನನಗೆ ಇರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಇನ್ನು ಉಳಿದುಕೊಂಡ ಕೀಲಿಮಣೆಯ ಮಾತು. ಬೆರಳಚ್ಚು ಯಂತ್ರದ ಕಾಲದಲ್ಲಿ ಕನ್ನಡದ ಒತ್ತು, ಗುಣಿತಗಳನ್ನೆಲ್ಲ ಕೆಲವೇ ಕೀಲಿಗಳಲ್ಲಿ ಅಡಕ ಮಾಡಿದವರು ಪಟ್ಟ ಶ್ರಮ ಸಾಮಾನ್ಯವಲ್ಲ. ಆದರೆ ಅದು ಕಣ್ಣಿಗೆ ಕಾಣುವ ತುಂಡುಗಳನ್ನು ಜೋಡಿಸುವ ಬಗೆ. ಕಲಿಯಲು ತಿಂಗಳುಗಳು ಬೇಕು. ಕಿನ್ನಿಕಂಬಳದ ಪದ್ಮನಾಭ ರಾವ್, ಎಂದರೆ ಎಲ್ಲರೂ ಬಲ್ಲ ಕೆ. ಪಿ. ರಾವ್ ಅವರು, ಬೇರೊಂದು ದಾರಿ ಹಿಡಿದರು. ಅಚ್ಚುಮೊಳೆಯ ಲೋಕವನ್ನೂ ಗಣಕದ ಲೋಕವನ್ನೂ ಒಳಹೊಕ್ಕು ಕಂಡವರು ಅವರು. ಕಣ್ಣಿನ ಬದಲು ಕಿವಿಯನ್ನು ನಂಬಿದರು. ಕೆ ಎಂಬಲ್ಲಿ ಕಕಾರ, ಅದನ್ನೇ ಶಿಫ್ಟ್ ಹಿಡಿದು ಒತ್ತಿದರೆ ಖಕಾರ. ಕ್ಯೂ ಎಂಬಲ್ಲಿ ಟಕಾರ, ಡಬ್ಲ್ಯೂ ಎಂಬಲ್ಲಿ ಡಕಾರ. ಎಫ್ ಎಂಬ ಕೀಲಿಯು ಎರಡು ವ್ಯಂಜನಗಳನ್ನು ಬೆಸೆಯುವ ಕೊಂಡಿ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂದು ಐದು ಸಲ ಬೆರಳಾಡಿಸಿದರೆ ಮುಗಿಯಿತು. ವ್ಯಂಜನದಲ್ಲಿ ಅಕಾರವು ಅಡಗಿಯೇ ಇರುತ್ತದೆ, ಬೇಡವಾದಾಗ ಮಾತ್ರ ಅದನ್ನು ತೆಗೆಯಬೇಕೆಂಬ ನಮ್ಮ ಲಿಪಿಯ ವ್ಯಾಕರಣವೇ ಇಲ್ಲಿ ಕೀಲಿಗೆ ಇಳಿದಿದೆ. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ‘ಸೇಡಿಯಾಪು’. ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರ ಗೌರವಾರ್ಥವಾಗಿ. ಈ ವಿನ್ಯಾಸಕ್ಕೆ ಅವರು ಬೆಲೆ ಕಟ್ಟಲಿಲ್ಲ. ಎಲ್ಲರಿಗೂ ಬಿಟ್ಟುಕೊಟ್ಟರು.

ಕನ್ನಡ ಗಣಕ ಪರಿಷತ್ತು ‘ನುಡಿ’ಯಲ್ಲಿ ಇದನ್ನೇ ಅಳವಡಿಸಿತು, ಸರ್ಕಾರವು ಇದನ್ನೇ ಪ್ರಮಾಣವೆಂದು ಒಪ್ಪಿತು. ಶೇಷಾದ್ರಿವಾಸು ಅವರ ‘ಬರಹ’, ತೇಜಸ್ವಿಯವರ ಕಾಳಜಿಯಿಂದ ಬಂದ ‘ಕುವೆಂಪು’ ತಂತ್ರಾಂಶ ಮೊದಲಾದವೂ ಕನ್ನಡವನ್ನು ಗಣಕಕ್ಕೆ ತಂದವು. ಆದರೆ ಆರಂಭದ ದಿನಗಳ ಒಂದು ಊನವು ನಮ್ಮನ್ನು ಇಂದಿಗೂ ಕಾಡುತ್ತಿದೆ. ಆಗ ಕನ್ನಡದ ಅಕ್ಷರಗಳನ್ನು ಇಂಗ್ಲಿಷಿನ ಸಂಕೇತಗಳ ಮೇಲೆ ಮುಖವಾಡದಂತೆ ತೊಡಿಸುತ್ತಿದ್ದರು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಮುಖವಾಡ ಕಳಚಿ ಬೀಳುತ್ತದೆ. ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಉಳಿಯುತ್ತದೆ. ನನ್ನ ಹಳೆಯ ಟಿಪ್ಪಣಿಗಳ ಗತಿ ಹಾಗೆಯೇ ಆಯಿತು. ಅವುಗಳನ್ನು ಮಾರ್ಪಡಿಸುವ ಉಪಕರಣಗಳು ಉಂಟು, ಅವನ್ನು ಬರೆದ ಪುಣ್ಯಾತ್ಮರಿಗೆ ನಮಸ್ಕಾರ. ಆದರೂ ಅರ್ಕಾವೊತ್ತು ಸಿಕ್ಕಲ್ಲೆಲ್ಲ ಒಂದು ಕಣ್ಣಿಟ್ಟಿರಬೇಕು. ಯೂನಿಕೋಡು 1991ರಲ್ಲಿ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತದ ಸ್ಥಾನವನ್ನು ಕೊಟ್ಟಿತ್ತೆಂಬುದನ್ನು ನೆನೆದರೆ, ನಾವು ಕಳೆದುಕೊಂಡ ವರ್ಷಗಳ ಬಗ್ಗೆ ವಿಷಾದವಾಗುತ್ತದೆ.

ಲಿನಕ್ಸಿನಲ್ಲಿ ಕೆಲಸ ಬೇರೆ ರೀತಿಯಾಗಿ ನಡೆಯಿತು. ಇಲ್ಲಿ ಮುಖವಾಡಕ್ಕೆ ಆಸ್ಪದ ಕಡಿಮೆ. ಎಲ್ಲವನ್ನೂ ಬುಡದಿಂದಲೇ ಕಟ್ಟಬೇಕಾಯಿತು. ಮೊದಮೊದಲು ಒತ್ತಕ್ಷರವು ತಾಯಕ್ಷರದ ಕೆಳಗೆ ಕೂಡದೆ ಪಕ್ಕಕ್ಕೆ ಸಿಡಿದು ನಿಲ್ಲುತ್ತಿದ್ದಿತು. ಅದನ್ನು ಕೂಡಿಸುವ ಯಂತ್ರಕ್ಕೆ ಗ್ನೋಮಿನವರು ಪ್ಯಾಂಗೊ ಎಂದು ಹೆಸರಿಟ್ಟರು. ಗ್ರೀಕಿನ ‘ಎಲ್ಲ’ ಮತ್ತು ಜಪಾನಿಯ ‘ಭಾಷೆ’ ಎಂಬೆರಡು ಮಾತುಗಳ ಕೂಟ. ಅದರ ಹೊಟ್ಟೆಯಲ್ಲಿ ಇಂದು ದುಡಿಯುವುದು ಹರ್ಫ್‌ಬಜ್. ಇರಾನ್ ಮೂಲದ ತಜ್ಞರಾದ ಬೆಹ್ದಾದ್ ಎಸ್ಫಹ್‌ಬೋದ್ ಅವರ ಪರಿಶ್ರಮ ಇದರಲ್ಲಿ ಹಿರಿದು. ಹೆಸರು ಪಾರಸಿಯದು: ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು. ಮೈಸೂರಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದೀತು. ನಮ್ಮ ಕಡೆಯಲ್ಲಿ 1948ಕ್ಕೆ ಮೊದಲು, ನಿಜಾಮರ ಆಳ್ವಿಕೆಯಲ್ಲಿ, ಉರ್ದು ಶಾಲೆಯಲ್ಲಿ ಓದಿದವರ ಮನೆಗಳಲ್ಲಿ ‘ಹರ್ಫ್’ ಎಂಬುದು ಅಡಿಗೆಮನೆಯ ಮಾತು. ಪಾರಸಿಯ ಹೆಸರು ಹೊತ್ತ ಯಂತ್ರವೊಂದು ಕನ್ನಡದ ‘ಕ್ಷ’ವನ್ನು ಕೂಡಿಸಿಕೊಡುತ್ತಿದೆಯೆಂದರೆ ಚಿತ್ತಾಪುರ, ಸೇಡಮಿನ ಹಿರಿಯರಿಗೆ ಅದರಲ್ಲಿ ಆಶ್ಚರ್ಯವೇನೂ ತೋರದು.

ಬಳಿಕ ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಫಾಂಟುಗಳು ಬಂದವು. ಗ್ನೋಮಿನ, ಕೆಡಿಇಯ ಮಾತುಗಳನ್ನು ಸ್ವಯಂಸೇವಕರು ಕನ್ನಡಿಸಿದರು. ಅನುವಾದದಲ್ಲಿ ಕೆಲವೆಡೆ ಮಾತು ಬಿಗಿದುಕೊಂಡಿದೆ, ಹಳ್ಳಿಯ ಹುಡುಗನಿಗೆ ಇಂಗ್ಲಿಷೇ ಸುಲಭವೆನಿಸುವಷ್ಟು. ಆದರೆ ‘ಫೈಲ್’ ಎಂಬುದಕ್ಕೆ ‘ಕಡತ’ ಎಂಬ ಮಾತನ್ನು ಆರಿಸಿದವರನ್ನು ಮೆಚ್ಚಬೇಕು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಮಸಿಯನ್ನೂ ಬಳಿದು, ಮಡಿಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಪುಸ್ತಕಕ್ಕೆ ಕಡತವೆನ್ನುತ್ತಿದ್ದರು. ಶೃಂಗೇರಿಯ ಮಠದ ಕಡತಗಳು ಪ್ರಸಿದ್ಧವಾದವು. ಕಪ್ಪು ಹಲಗೆಯ ಮೇಲೆ ಬಿಳಿಯ ಅಕ್ಷರ! ಇಂದಿನ ತರುಣರು ತಮ್ಮ ತೆರೆಗೆ ಕಪ್ಪು ಬಣ್ಣ ಬಳಿದುಕೊಂಡು ಹೊಸದೆಂದು ಹಿಗ್ಗುವಾಗ ನನಗೆ ನಗು ಬರುತ್ತದೆ.

ಕೀಲಿಮಣೆಯ ವಿಷಯಕ್ಕೆ ಬಂದರೆ, ಜಪಾನಿನಲ್ಲಿ ಸಿದ್ಧವಾದ ಎಂ-ಸೆವೆಂಟೀನ್-ಎನ್ ಎಂಬ ಬಹುಭಾಷಾ ಭಂಡಾರದಲ್ಲಿ ಗಣಕ ಪರಿಷತ್ತಿನ ವಿನ್ಯಾಸವೂ ಸೇರಿತು. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದು. ಲಿನಕ್ಸಿನ ಎಲ್ಲ ಡೆಸ್ಕ್‌ಟಾಪುಗಳಿಗೂ ಬುಡದಲ್ಲಿ ಎಕ್ಸ್‌ಕೆಬಿ ಎಂಬ ಕೀಲಿಮಣೆಗಳ ಖಜಾನೆಯಿದೆ. ಯಾರೋ ಪುಣ್ಯವಂತರು ಅದರೊಳಗೇ ಈ ವಿನ್ಯಾಸವನ್ನು ‘ಕಗಪ’ ಎಂಬ ಹೆಸರಿನಿಂದ ನೆಟ್ಟರು. ಕನ್ನಡ ಗಣಕ ಪರಿಷತ್ತು ಎಂಬುದರ ಮೊದಲಕ್ಷರಗಳು ಅವು. ಸೇರ್ಪಡೆಯಾಗಿ ಹುಟ್ಟಿದ್ದು ಹೀಗೆ ಬುನಾದಿಯ ಕಲ್ಲಾಯಿತು. ಗ್ನೋಮ್ ಹೋಗಿ ಕೆಡಿಇ ಬರಲಿ, ಮಾಟೆ ಬರಲಿ, ಆವೃತ್ತಿಯ ಸಂಖ್ಯೆ ಎಷ್ಟಕ್ಕೇ ಏರಲಿ, ಕೀಲಿಮಣೆಯ ಆಯ್ಕೆಗೆ ಹೋಗಿ ಪಟ್ಟಿಯಲ್ಲಿ ಕನ್ನಡವನ್ನು ಆರಿಸಿದರೆ ಅದು ಅಲ್ಲಿ ಇದ್ದೇ ಇರುತ್ತದೆ. ಯಾವ ಸಂತೆಯಿಂದಲೂ ತರಬೇಕಾಗಿಲ್ಲ. ನನ್ನ ಪಟ್ಟಿ ಅಳಿದ ರಾತ್ರಿ ಕನ್ನಡ ಅಳಿಯದಿದ್ದುದಕ್ಕೆ ಕಾರಣವಿದು.

ಅಷ್ಟೇ ಅಲ್ಲ. ಅದೇ ಖಜಾನೆಯಲ್ಲಿ ಹಿಂದಿಗೂ ಒಂದು ಕಗಪ ಉಂಟು. ಮರಾಠಿಗೆ, ಸಂಸ್ಕೃತಕ್ಕೆ, ತೆಲುಗಿಗೆ ಒಂದೊಂದುಂಟು. ಕನ್ನಡಕ್ಕೆಂದು ಕಡೆದ ಮಣೆಯ ಮೇಲೆ ನೆರೆಹೊರೆಯ ಭಾಷೆಗಳೂ ಬಂದು ಕುಳಿತಿವೆ. ಬೆಂಗಳೂರಿನವರಿಗೆ ಇದು ಬರಿಯ ಸೋಜಿಗವಾಗಿ ತೋರಬಹುದು. ಇಲ್ಲಿ ಹಾಗಲ್ಲ. ಈ ತಾಲ್ಲೂಕುಗಳಲ್ಲಿ ಒಂದೇ ಮನೆಯ ಹಳೆಯ ಪೆಟ್ಟಿಗೆಯನ್ನು ತೆರೆದರೆ ಭೂಮಿಯ ಕಾಗದ ಉರ್ದುವಿನಲ್ಲಿ, ಅಜ್ಜಿಯ ತವರಿನ ಪತ್ರ ತೆಲುಗಿನಲ್ಲಿ, ಅಭಂಗದ ಪುಸ್ತಕ ಮರಾಠಿಯಲ್ಲಿ, ಮೊಮ್ಮಗನ ಪಾಠ ಕನ್ನಡದಲ್ಲಿ ಇರುವುದುಂಟು. ಒಂದೇ ಗಣಕದಲ್ಲಿ ನಾಲ್ಕು ಲಿಪಿಗಳನ್ನು ಬರೆಯುವುದು ನಮಗೆ ಶೋಕಿಯಲ್ಲ. ಉರ್ದುವಿಗೆ ಬಲದಿಂದ ಎಡಕ್ಕೆ ಸಾಗುವ ಅದರದೇ ಕೀಲಿಮಣೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಉಳಿದ ಮೂರಕ್ಕೆ ಕಗಪವೇ ಸಾಕು.

ಕಳೆದ ಮಳೆಗಾಲದಲ್ಲಿ ತಾಂಡೂರಿನ ಕಡೆಯ ವಿದ್ಯಾರ್ಥಿನಿಯೊಬ್ಬಳು ಪ್ರಬಂಧವನ್ನು ಬೆರಳಚ್ಚು ಮಾಡಲು ನಮ್ಮ ಮನೆಗೆ ಬಂದಿದ್ದಳು. ಮನೆಯ ಮಾತು ತೆಲುಗು, ಓದಿದ್ದು ಕನ್ನಡ. ಕಗಪದ ಮೇಲೆ ಅವಳ ಬೆರಳು ನನಗಿಂತ ಚುರುಕು. ಪ್ರಬಂಧ ಮುಗಿದ ಮೇಲೆ ನಾನು ಮೇಲಿನ ಪಟ್ಟಿಯಲ್ಲಿ ತೆಲುಗಿನ ಕಗಪವನ್ನು ಆರಿಸಿಕೊಟ್ಟು, ಊರಿನ ಹೆಸರನ್ನು ಬರೆಯಮ್ಮಾ ಎಂದೆ. ಕೀಲಿಗಳನ್ನು ಹುಡುಕುವವಳಂತೆ ಒಂದು ಕ್ಷಣ ತಡೆದಳು. ಆಮೇಲೆ ಕನ್ನಡದಲ್ಲಿ ‘ತಾಂಡೂರು’ ಎಂದು ಬರೆಯುವಂತೆಯೇ ಬೆರಳಾಡಿಸಿದಳು: ಟಿ, ದೊಡ್ಡ ಎ, ದೊಡ್ಡ ಎಂ, ಡಬ್ಲ್ಯೂ, ದೊಡ್ಡ ಯು, ಆರ್, ಯು. ಏಳೇ ಒತ್ತುಗಳು. ತೆರೆಯ ಮೇಲೆ ಊರು ತೆಲುಗಿನಲ್ಲಿ ಮೂಡಿತು.

“ಕೀಲಿ ಅವೇ ಅವರಿ ಸರ್, ಅಕ್ಷರ ಅಷ್ಟ ಬ್ಯಾರೆ” ಎಂದಳು. ನಾನು ಚಹಾ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವಳು ಅಜ್ಜಿಗೆ ಅರ್ಧ ಪುಟದ ಪತ್ರ ಬರೆದು ಮುಗಿಸಿದ್ದಳು.